ಹುರಿಹಿಟ್ಟಿನ ಡಬ್ಬಿಯಲ್ಲಿ ಮೂರು ಪಾಸ್‌ಪೋರ್ಟು

ನಾವು ಮೂವರು ಕ್ಯಾಂಡಿಗೆ ಹೋಗಿದ್ದೆವು, ಶ್ರೀಲಂಕಾದ ಕ್ಯಾಂಡಿಗೆ. ತುಮಕೂರಿನಲ್ಲಿ ಯಾರಿಗೆ ಫಾರಿನ್ ಎಂದರೂ ಮೊದಲು ಬರುತ್ತಿದ್ದ ಪ್ರಶ್ನೆ, "ಥಾಯ್ಲೆಂಡಾ?" ಅಲ್ಲ ಎಂದಾಗ ಅವರ ಮುಖ ಸಪ್ಪಗಾಗುತ್ತಿತ್ತು. ನಮ್ಮ ಪರವಾಗಿ ಅವರೇ ಬೇಜಾರು ಮಾಡಿಕೊಳ್ಳುತ್ತಿದ್ದರು.

ಮೂವರಲ್ಲಿ ಒಬ್ಬ ಗುಬ್ಬಿಯವನು. ಬಿದರೆಹಳ್ಳಿ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಕೆಲಸ. ದಿನಾ ಹೆಲಿಕಾಪ್ಟರ್ ಮುಟ್ಟಿ ತಟ್ಟಿ ನೋಡುವವನು ವಿಮಾನ ಹತ್ತಿದ್ದು ಮಾತ್ರ ಇದೇ ಮೊದಲು. ಮೇಲೇರುವಾಗ ಹಿಡಿದ ನನ್ನ ಕೈಯನ್ನು ಮೋಡ ದಾಟುವವರೆಗೂ ಬಿಡಲಿಲ್ಲ. ಇನ್ನೊಬ್ಬ ಕುಣಿಗಲ್‌ನವನು. ಮೊಬೈಲ್ ಅಂಗಡಿ ಇಟ್ಟಿದ್ದಾನೆ, ಲೋಕದಲ್ಲಿ ಯಾರನ್ನೂ ನಂಬುವುದಿಲ್ಲ. ಮೂರನೆಯವನು ನಾನು. ತುಮಕೂರಿನ ಮರಳೂರಿನಲ್ಲಿ ಮನೆ, ಕೋಚಿಂಗ್ ಸೆಂಟರಿನಲ್ಲಿ ಗಣಿತ ಹೇಳಿಕೊಡುವ ಕೆಲಸ, ಉಳಿದ ಹೊತ್ತಿನಲ್ಲಿ ಕಂಡವರ ದನಿಯನ್ನೆಲ್ಲ ತೆಗೆದು ಆಡಿಕೊಳ್ಳುವ ಚಟ. ನನ್ನ ಪಾಠಕ್ಕಿಂತ ನನ್ನ ಪ್ರಿನ್ಸಿಪಾಲರ ಕೆಮ್ಮನ್ನೇ ಹುಡುಗರು ಚೆನ್ನಾಗಿ ನೆನಪಿಟ್ಟುಕೊಂಡಿದ್ದಾರೆ. ನಾನು ಮಾಡಿದ ಕೆಮ್ಮನ್ನು, ಅವರು ಕೆಮ್ಮಿದ್ದನ್ನಲ್ಲ.

ಗುಬ್ಬಿಯವನ ಮನೆಯ ಕಥೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅವನಿಗೆ ತಾಯಿ ಇಲ್ಲ. ಅಕ್ಕ ಮೂರು ವರ್ಷದ ಹಿಂದೆ ತಾನೇ ಮೆಚ್ಚಿದವನನ್ನು ಮದುವೆಯಾದಳು. ಅವತ್ತೇ ಅಪ್ಪ ಮಗಳ ಜೊತೆ ಮಾತು ಬಿಟ್ಟರು. ಆಕೆ ಇರುವುದು ನಮ್ಮ ಮರಳೂರಿನಲ್ಲೇ, ನನ್ನ ಮನೆಯಿಂದ ಎರಡು ಅಡ್ಡರಸ್ತೆ ಆಚೆ. ಗುಬ್ಬಿಯಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಅಪ್ಪ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿವೃತ್ತರಾದವರು, ಜಿಲ್ಲೆಯ ಸ್ಟಾಪುಗಳೆಲ್ಲ ಬಾಯಿಪಾಠ. ಆ ಒಂದು ಸ್ಟಾಪಿನಲ್ಲಿ ಮಾತ್ರ ಅವರು ಇಳಿದವರಲ್ಲ ಎಂದು ನಾವೆಲ್ಲ ತಿಳಿದಿದ್ದೆವು.

ಈಗ ಅಕ್ಕನ ಮಗಳಿಗೆ ಕಿವಿ ಚುಚ್ಚಿಸುವುದಿತ್ತು. ನಮ್ಮ ಕಡೆ ಮಗುವನ್ನು ಸೋದರಮಾವ ತೊಡೆಯ ಮೇಲೆ ಕೂರಿಸಿಕೊಳ್ಳಬೇಕು, ಆಗಲೇ ಚುಚ್ಚುವುದು. ಗುಬ್ಬಿಯವನು ಹೋಗುವುದಂತೂ ಖಂಡಿತವಾಗಿತ್ತು. ತಿಂಗಳುಗಟ್ಟಲೆ ಅಪ್ಪನ ಹಿಂದೆ ಬಿದ್ದು ಅವರ ಬಾಯಿಂದಲೂ ಒಂದು ಮಾತು ಹೊರಡಿಸಿದ್ದ: "ನೀನ್ ಕರ್ಕಂಡ್ ಹೋದ್ರೆ ಬತ್ತೀನಿ. ಒಬ್ನೇ ಅಂತೂ ಹೋಗಾಕಿಲ್ಲ." ಅಕ್ಕ ಆ ಮಾತು ಕೇಳಿದ ಸಂಜೆಯೇ ದಿನ ನೋಡಿಸಿಬಿಟ್ಟಳು, ಅಪ್ಪ ಮನಸ್ಸು ಬದಲಾಯಿಸುವ ಮೊದಲೇ. ಆ ದಿನ ನಾವು ಕ್ಯಾಂಡಿಯಿಂದ ವಾಪಸಾಗುವ ದಿನದ ಮರುದಿನ, ಬೆಳಿಗ್ಗೆ ಒಂಬತ್ತೂವರೆಗೆ.

ಗುಬ್ಬಿಯವನು ಪ್ರವಾಸವನ್ನೇ ಬಿಡುತ್ತೇನೆ ಅಂದಿದ್ದ. ಬಿಡಲು ಕೊಡದವನು ನಾನು. ಅವನ ಅಪ್ಪನ ದನಿಯಲ್ಲಿ, ಅರ್ಧ ಮೂಗಿನಿಂದ ಅರ್ಧ ಗಂಟಲಿನಿಂದ, "ಹೋಗ್ ಬಾರ್ಲಾ ಮಗ, ಒಂದಿನ ಮುಂಚೆ ಬಂದ್ ಇಳೀತೀಯಲ್ಲ, ರೈಟ್ ರೈಟ್!" ಅಂದೆ. ಅವನು ನಕ್ಕ. ನಕ್ಕವನು ಬಂದ.

*

ಕ್ಯಾಂಡಿಯಲ್ಲಿ ಒಬ್ಬ ಆಂಟಿಯ ಮನೆಯ ಮಹಡಿಯಲ್ಲಿ ಬಾಡಿಗೆಗೆ ನಾಲ್ಕು ದಿನ ಇದ್ದೆವು. ಹೊರಡುವ ದಿನ ಹುಣ್ಣಿಮೆ. ಅಲ್ಲಿ ಪ್ರತಿ ಹುಣ್ಣಿಮೆಗೂ ರಜೆ, ಜನರೆಲ್ಲ ಬಿಳಿ ಬಟ್ಟೆ ಉಟ್ಟು ದೇವಸ್ಥಾನಕ್ಕೆ ಹೊರಡುತ್ತಾರೆ. ಆಂಟಿಯೂ ಬಿಳಿ ಸೀರೆ ಉಟ್ಟು, ನಮಗೆ ದಾರಿಗೆಂದು ತೆಂಗಿನಹಾಲಿನಲ್ಲಿ ಬೇಯಿಸಿದ ಅನ್ನವನ್ನು ಬಾಳೆ ಎಲೆಯಲ್ಲಿ ಕಟ್ಟಿ ತಂದರು. ವಿಮಾನ ಸಂಜೆ ಐದೂವರೆಗೆ, ಏರ್‌ಪೋರ್ಟಿಗೆ ದಾರಿ ಮೂರೂವರೆ ಗಂಟೆ. ನಾವು ಬೆಳಿಗ್ಗೆ ಒಂಬತ್ತಕ್ಕೇ ವ್ಯಾನ್ ಹೇಳಿದ್ದೆವು. ಅಷ್ಟು ಬೇಗ ಯಾಕೆ ಎಂದು ಡ್ರೈವರಣ್ಣ ಕೇಳಿದಾಗ ಕುಣಿಗಲ್‌ನವನು, "ನಾವು ಯಾರನ್ನೂ ನಂಬಲ್ಲ" ಎಂದು ಇಂಗ್ಲಿಷಿನಲ್ಲಿ ಗಂಭೀರವಾಗಿ ಹೇಳಿದ್ದ.

ಆಂಟಿ ಅನ್ನದ ಪೊಟ್ಟಣ ಕೊಟ್ಟಾಗ ನನಗೆ ಮುಜುಗರವಾಯಿತು. ಅಷ್ಟು ಮಾಡಿದ ಹೆಂಗಸಿನ ಕೈಯಿಂದ ತೆಗೆದುಕೊಂಡು ಬರಿಗೈ ಬೀಸಿಕೊಂಡು ಹೊರಡುವುದು ಹೇಗೆ? ಸುತ್ತ ನೋಡಿದೆ. ಮೇಜಿನ ಮೇಲೆ ಕುಣಿಗಲ್‌ನವನ ಅಮ್ಮ ಕಳಿಸಿದ ಸ್ಟೀಲ್ ಡಬ್ಬಿ ಇತ್ತು, ರಾಗಿ ಹುರಿಹಿಟ್ಟಿನದು. ಬೆಲ್ಲ, ಕಾಯಿ ಕಲೆಸಿಕೊಂಡು ತಿನ್ನಲಿ ಎಂದು ಮಗನಿಗೆ ಕೊಟ್ಟಿದ್ದರು. ಅವನು ನಮಗೆ ನಾಲ್ಕು ದಿನದಲ್ಲಿ ಒಂದು ಚಮಚವನ್ನೂ ಕೊಟ್ಟಿರಲಿಲ್ಲ. ಕೇಳಿದರೆ, "ಮುಟ್ಬ್ಯಾಡ್ರಿ, ಕೊನೇ ದಿನಕ್ಕಿರ್ಲಿ" ಅನ್ನುತ್ತಿದ್ದ. ಜಿಪುಣನಿಗೆ ಪಾಠ ಕಲಿಸುವ ಆಸೆಯೂ ಬಂತೆನ್ನಿ. ಅವನು ಬಚ್ಚಲಿನಲ್ಲಿದ್ದ. ನಾನು ಡಬ್ಬಿ ಎತ್ತಿ, ಸೆರಗು ಸರಿಮಾಡಿಕೊಳ್ಳುವಂತೆ ಹೆಗಲು ಕೊಡವಿ, ಅವನ ಅಮ್ಮನ ದನಿಯಲ್ಲಿ, "ತಗಳವ್ವ, ಬ್ಯಾಡ ಅನ್ಬಾರ್ದು, ನಾನೇ ಕೈಯಾರೆ ಹುರ್ದು ಬೀಸಿದ್ದು" ಎಂದು ಆಂಟಿಯ ಕೈಗಿಟ್ಟೆ. ಅವರಿಗೆ ಒಂದಕ್ಷರ ತಿಳಿಯಲಿಲ್ಲ, ಆದರೂ ಎರಡೂ ಕೈಯಲ್ಲಿ ತೆಗೆದುಕೊಂಡು ತಲೆಬಾಗಿದರು. ದೇವಸ್ಥಾನದಲ್ಲಿ ಎಲ್ಲರಿಗೂ ಹಂಚುತ್ತೇನೆ ಅಂದರು. ಗುಬ್ಬಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆ ದಿನ ಅವನು ನಕ್ಕದ್ದು ಅಷ್ಟೇ.

ಸುಮಾರು ಹನ್ನೊಂದಕ್ಕೆ ದಾರಿಯಲ್ಲಿ ಟೀಗೆ ನಿಲ್ಲಿಸಿದೆವು. ಕುಣಿಗಲ್‌ನವನು ವ್ಯಾನಿನ ಹಿಂದೆ ಹೋಗಿ ಬ್ಯಾಗು ಕೆದಕುತ್ತಿದ್ದ. ನಾನು ಎರಡನೇ ಟೀ ಹೇಳುತ್ತಿದ್ದೆ.

"ಡಬ್ಬಿ ಎಲ್ಲಿಟ್ರಿ?"

"ಯಾವ ಡಬ್ಬಿ?"

"ಹುರಿಹಿಟ್ಟಿಂದು ಕಣ್ಲಾ."

"ಅದನ್ನ ಆಂಟಿಗೆ ಕೊಟ್ಟೆ. ನಿಮ್ಮಮ್ಮನೇ ಬಂದು ಕೊಟ್ಟಂಗಿತ್ತು, ನೋಡ್ಬೇಕಿತ್ತು ನೀನು."

ಅವನು ಹಾಗೇ ರಸ್ತೆಯಂಚಿನಲ್ಲಿ ಕುಕ್ಕರಿಸಿ ಕೂತ.

"ಪಾಸ್‌ಪೋರ್ಟ್ ಅದ್ರೊಳ್ಗೆ ಅವೆ ಕಣೋ."

"ಯಾರ್ದು?"

"ಮೂರೂ."

ನಾನು ನಗಲು ಶುರುಮಾಡಿದೆ. ನನ್ನ ಮೇಲೆ ಸೇಡಿಗೆ ನಾಟಕ ಆಡುತ್ತಿದ್ದಾನೆ ಅಂದುಕೊಂಡೆ. ಆದರೆ ನಾಟಕ ಆಡುವವನ ತುಟಿ ಹಾಗೆ ಬೆಳ್ಳಗಾಗುವುದಿಲ್ಲ. ಮೊದಲ ದಿನವೇ, ಕಳೆದುಹೋದಾವು ಎಂದು ನಮ್ಮ ಮೂವರ ಪಾಸ್‌ಪೋರ್ಟನ್ನೂ ಅವನೇ ಇಸಿದುಕೊಂಡಿದ್ದು ಆಗ ನೆನಪಾಯಿತು. ಕುಣಿಗಲ್‌ನ ಅವರ ಮನೆಯಲ್ಲಿ ಬೀರು ಇರುವುದು ಬರೀ ಹೆಸರಿಗೆ. ಅವನ ಅಮ್ಮ ಓಲೆ, ಸರ, ಸೈಟಿನ ಪತ್ರ ಎಲ್ಲವನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ರಾಗಿ ಡ್ರಮ್ಮಿನೊಳಗೆ ಹೂತಿಡುತ್ತಾರೆ. ಮಗನೂ ಅದನ್ನೇ ಮಾಡಿದ್ದ.

"ರೂಮಲ್ಲಿ ಲಾಕರ್ ಇತ್ತಲ್ಲೋ!" ಅಂದೆ.

"ಲಾಕರ್ ಕಳ್ರಿಗೆ ಮೊದ್ಲು ಕಾಣ್ತದೆ. ಹುರಿಹಿಟ್ಟು ಯಾವ ಕಳ್ಳ ಕದೀತಾನೆ?"

"ನಮಗಾದ್ರೂ ಹೇಳ್ಬಾರ್ದಿತ್ತಾ?"

"ಮೂರ್ ಜನಕ್ಕೆ ಗೊತ್ತಾದ್ರೆ ಅದ್ಯಾವ ಸೀಮೆ ಗುಟ್ಟು? ಕಳ್ಳ ಕದೀಲಿಲ್ಲ ಕಣ್ಲಾ, ನೀನ್ ದಾನ ಮಾಡ್ದೆ!"

ಗುಬ್ಬಿಯವನು ಟೀ ಲೋಟವನ್ನು ಬೆಂಚಿನ ಮೇಲಿಟ್ಟು ಹೋಗಿ ವ್ಯಾನಿನೊಳಗೆ ಕೂತು ಬಾಗಿಲು ಎಳೆದುಕೊಂಡ.

ಆಂಟಿಗೆ ಫೋನ್ ಮಾಡಿದೆವು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆವು. ಡ್ರೈವರಣ್ಣ, ಹುಣ್ಣಿಮೆ ವ್ರತ ಹಿಡಿದವರು ಫೋನನ್ನು ಮನೆಯಲ್ಲೇ ಬಿಟ್ಟು ಹೋಗುತ್ತಾರೆ, ಇನ್ನು ಸಂಜೆಗೇ ಎಂದು ಹೇಳಿ ವ್ಯಾನ್ ತಿರುಗಿಸಿದ.

ಹೋಗುವಾಗ ಇಳಿಜಾರಾಗಿದ್ದ ದಾರಿ ಈಗ ಏರು. ರಜೆಯ ದಿನ, ಎದುರಿಗೂ ಹಿಂದೆಯೂ ಬಸ್ಸು, ಆಟೋ, ಬಿಳಿ ಬಟ್ಟೆಯ ಸಂಸಾರ ಹೊತ್ತ ಸ್ಕೂಟರು. ಒಂದೊಂದು ತಿರುವಿಗೂ ಹತ್ತು ನಿಮಿಷ. ನಾನು ಒಮ್ಮೆ ಡ್ರೈವರಣ್ಣನ ಹಾರ್ನಿನ ಸದ್ದು ತೆಗೆದೆ, ಅಭ್ಯಾಸಬಲದಿಂದ, ಬಾಯಿ ಸುಮ್ಮನಿರದೆ. ಕುಣಿಗಲ್‌ನವನು, "ಬಾಯ್ಮುಚ್ಚು" ಅಂದ. ಮುಚ್ಚಿದೆ.

ಆಂಟಿಯ ಪಕ್ಕದ ಮನೆಯವರು ದೇವಸ್ಥಾನದ ದಾರಿ ತೋರಿಸಿದರು. ಗುಡ್ಡದ ಮೇಲೆ. ಚಪ್ಪಲಿ ಬಿಟ್ಟು ಕಾದ ಕಲ್ಲಿನ ಮೇಲೆ ಮೂವರೂ ಓಡಿದೆವು. ಮೇಲೆ ಹೋದರೆ ಕಣ್ಣು ಹಾಯಿಸಿದಷ್ಟಕ್ಕೂ ಬಿಳಿ ಸೀರೆಯ, ನರೆಗೂದಲಿನ, ಕನ್ನಡಕದ ಆಂಟಿಯರು. ನಮ್ಮ ಆಂಟಿಯ ಮುಖ ಹೇಗಿತ್ತು? ನಾಲ್ಕು ದಿನ ಅವರ ದನಿಯನ್ನು, ನಡಿಗೆಯನ್ನು ಮಾಡಿ ತೋರಿಸಿ ಇವರನ್ನು ನಗಿಸಿದ್ದೆ. ಈಗ ಮುಖ ನೆನಪಿಗೆ ಬರುತ್ತಿಲ್ಲ. ಯಾರ್ಯಾರದೋ ಮುಂದೆ ಬಗ್ಗಿ ಇಣುಕಿ, ಕ್ಷಮೆ ಕೇಳಿ, ಮುಂದೆ ಹೋದೆ. ಕಂಡುಹಿಡಿದವನು ಗುಬ್ಬಿಯವನೇ. ಅರಳಿಮರದ ಕಟ್ಟೆಯ ಹತ್ತಿರ ಚಾಪೆಯ ಮೇಲೆ ಅವರು ಕೂತಿದ್ದರು. ಮಡಿಲಲ್ಲಿ ಹಿಟ್ಟು ಒರೆಸಿಟ್ಟ ಮೂರು ಪಾಸ್‌ಪೋರ್ಟು. ದೇವಸ್ಥಾನದ ಅಡುಗೆಮನೆಯಲ್ಲಿ ಹಂಚಲು ಚಮಚ ಹಾಕಿದಾಗ ಪ್ಲಾಸ್ಟಿಕ್ಕು ತಗುಲಿತಂತೆ.

"ನಾನು ಇಲ್ಲಿಂದ ಏಳಲೇ ಇಲ್ಲ. ಎದ್ದರೆ ನೀವು ಹೇಗೆ ಹುಡುಕುತ್ತೀರಿ?" ಅಂದರು, ಒಡಕು ಇಂಗ್ಲಿಷಿನಲ್ಲಿ. ಗುಬ್ಬಿಯವನು ಅವರ ಕಾಲು ಮುಟ್ಟಿದ. ಆಗ ಒಂದೂಕಾಲು.

*

ಏರ್‌ಪೋರ್ಟಿನಲ್ಲಿ ಚೆಕ್-ಇನ್ ಕೌಂಟರ್ ಮುಚ್ಚುವುದು ನಾಲ್ಕೂವರೆಗೆ. ಡ್ರೈವರಣ್ಣ, ನೋಡೋಣ, ಎಂದಷ್ಟೇ ಹೇಳಿ ಕೂತ. ದಾರಿಯುದ್ದಕ್ಕೂ ಮೂವರೂ ನೋಡಿದ್ದು ರಸ್ತೆಯನ್ನಲ್ಲ, ಫೋನಿನ ನಕ್ಷೆಯಲ್ಲಿ ತಲುಪುವ ಸಮಯವನ್ನು. ನಾಲ್ಕು ಇಪ್ಪತ್ತೈದು ತೋರಿಸುವುದು, ಒಂದು ಪೇಟೆ ದಾಟುವಷ್ಟರಲ್ಲಿ ನಾಲ್ಕು ಮೂವತ್ತೆಂಟು ಆಗುವುದು, ಮತ್ತೆ ನಾಲ್ಕು ಮೂವತ್ತಕ್ಕೆ ಇಳಿಯುವುದು. ಕುಣಿಗಲ್‌ನವನು ಮೂರು ಪಾಸ್‌ಪೋರ್ಟನ್ನೂ ಅಂಗಿಯೊಳಗೆ ಹೊಟ್ಟೆಗೆ ಒತ್ತಿಕೊಂಡು ಕೂತಿದ್ದ.

ಮೂರು ಗಂಟೆಯ ಹೊತ್ತಿಗೆ ಗುಬ್ಬಿಯವನ ಫೋನು ಬಡಿದುಕೊಂಡಿತು. ಅವನ ಅಪ್ಪ. ಅವನು ಫೋನಿನ ಪರದೆಯನ್ನೇ ನೋಡುತ್ತಿದ್ದ. ಕಣ್ಣು ತುಂಬಿತ್ತು. ಫೋನನ್ನು ನನ್ನ ಕಡೆ ಚಾಚಿದ.

"ನೀನ್ ಮಾತಾಡು. ನನ್ ಥರಾ. ಏರ್‌ಪೋರ್ಟಲ್ಲಿದೀನಿ ಅನ್ನು, ಸಾಕು."

"ಬ್ಯಾಡ ಕಣ್ಲಾ," ಅಂದ ಕುಣಿಗಲ್‌ನವನು.

ನಾನು ತೆಗೆದುಕೊಂಡೆ. ಗುಬ್ಬಿಯವನ ದನಿ ತೆಗೆಯುವುದು ಕಷ್ಟ, ಅವನು ಮಾತಾಡುವುದೇ ಕಡಿಮೆ. ಪ್ರತಿ ಮಾತಿಗೂ ಮೊದಲು ಒಂದು 'ಹೂಂ' ಹಾಕುತ್ತಾನೆ, ಅಷ್ಟನ್ನೇ ಹಿಡಿದುಕೊಂಡೆ.

"ಎಲ್ಲಿದೀಯ ಮಗ?"

"ಹೂಂ, ಏರ್‌ಪೋರ್ಟಲ್ಲಿ ಅಪ್ಪ."

"ಏನ್ ಗಲಾಟೆ ಅದು? ಒಳಕ್ ಬುಟ್ರಾ?"

"ಹೂಂ, ಬಿಟ್ರು."

"ಉಂಡ್ಯಾ?"

"ಹೂಂ."

ಇಷ್ಟಕ್ಕೆ ಅವರು ಇಡಬೇಕು. ಮಗನ ಜೊತೆ ಅವರ ಮಾತು ಯಾವಾಗಲೂ ಟಿಕೆಟ್ ಹರಿದಂತೆ, ಚೂರೇ ಚೂರು. ಅವತ್ತು ಇಡಲಿಲ್ಲ.

"ಬಿಳೀ ಅಂಗಿ ಇಸ್ತ್ರಿಗೆ ಕೊಟ್ಟು ತಂದೆ ಕಣೋ ನಾಳಿಕ್ಕೆ," ಅಂದರು. "ಒಂದ್ ಮಾತ್ ಹೇಳ್ತೀನಿ, ನಗಬ್ಯಾಡ. ಒಬ್ನೇ ಹೋಗಾಕಿಲ್ಲ ಅಂದಿದ್ದು ಕ್ವಾಪಕ್ಕಲ್ಲ. ಎಲ್ಡ್ ಸಲ ಹೋಗಿದ್ದೆ. ಮರಳೂರ್ ದಿಣ್ಣೇಲಿ ಇಳ್ದು ಅಲ್ಲೇ ನಿಂತ್ಕಂಡಿದ್ದು, ಮುಂದಿನ ಬಸ್ ಹತ್ಕಂಡ್ ವಾಪಸ್ ಬಂದೆ. ಅವ್ಳು ಬಾಗ್ಲು ತಗ್ದು, ನನ್ ಮಕ ನೋಡಿ, ಹಂಗೇ ಹಾಕ್ಕಂಬುಟ್ರೆ? ಅದೊಂದು ಹೆದ್ರಿಕೆ. ನೀನ್ ಪಕ್ಕದಾಗಿದ್ರೆ ಹಾಕಲ್ಲ, ಅಲ್ವಾ?"

ಅದು ನನಗೆ ಹೇಳಿದ ಮಾತಲ್ಲ. ನಿಲ್ಲಿಸಿ ಅಂಕಲ್, ನಾನು ಅವನಲ್ಲ, ಎನ್ನಲು ಒಂದು ಕ್ಷಣ ಇತ್ತು. ಅನ್ನಲಿಲ್ಲ.

"ಬತ್ತೀಯ ತಾನೆ?"

"ಹೂಂ. ಬಂದೇ ಬರ್ತೀನಪ್ಪ."

"ರೈಟ್," ಎಂದು ಇಟ್ಟರು.

"ಏನಂದ್ರು?" ಕೇಳಿದ ಗುಬ್ಬಿಯವನು.

"ಅಂಗಿ ಇಸ್ತ್ರಿ ಮಾಡ್ಸಿದಾರಂತೆ."

"ಅಷ್ಟೊತ್ತು?"

"ಅಷ್ಟೇ ಕಣೋ."

ಅವನು ಕಿಟಕಿಯ ಕಡೆ ತಿರುಗಿದ.

ನಾಲ್ಕು ನಲವತ್ತೆರಡಕ್ಕೆ ಇಳಿದು ಓಡಿದೆವು. ಕೌಂಟರಿನ ಹುಡುಗಿ ನಿಂತೇ ಇದ್ದಳು, ಪರದೆಯ ಮೇಲೆ ನಮ್ಮ ವಿಮಾನದ ಹೆಸರಿನ ಮುಂದೆ ಮುಚ್ಚಿದೆ ಎಂದು ಬಂದಿತ್ತು. ಅವಳು ಸಿಡುಕಲಿಲ್ಲ, ಯಾರಿಗೋ ಫೋನ್ ಕೂಡ ಮಾಡಿ ನೋಡಿದಳು. ಆಮೇಲೆ ತಲೆಯಾಡಿಸಿದಳು. ಮುಂದಿನದು ನಾಳೆ, ಇದೇ ಹೊತ್ತಿಗೆ. ಕುಣಿಗಲ್‌ನವನು ಅಂಗಿಯೊಳಗಿಂದ ಪಾಸ್‌ಪೋರ್ಟು ತೆಗೆದು ಅವಳ ಮುಂದಿಟ್ಟ, ಇವು ಇವೆ ನೋಡಿ ಅನ್ನುವಂತೆ. ಅವಳು ಮೆಲ್ಲಗೆ ಅವನ ಕಡೆಗೇ ಸರಿಸಿದಳು. ಅವನು ಅಲ್ಲೇ ಗೊಳೋ ಎಂದು ಅತ್ತುಬಿಟ್ಟ.

ಗುಬ್ಬಿಯವನು ಅಕ್ಕನಿಗೆ ತಾನೇ ಫೋನ್ ಮಾಡಿದ. ದಿನ ಮುಂದೂಡುವ ಹಾಗಿರಲಿಲ್ಲ, ಗಂಡನ ಕಡೆಯವರೆಲ್ಲ ಬಂದಿಳಿದಿದ್ದರು. ತೊಡೆಯ ಮೇಲೆ ಕೂರಿಸಿಕೊಳ್ಳಲು ಆ ಕಡೆಯ ಹುಡುಗ ಯಾರಾದರೂ ಇರುತ್ತಾನೆ ಬಿಡು ಅಂದಳಂತೆ. "ಅಪ್ಪನೂ ಬರಲ್ಲ ಅಲ್ವಾ ಹಂಗಾದ್ರೆ," ಎಂದು ಇಟ್ಟಳಂತೆ. ಇಷ್ಟನ್ನು ಅವನು ಗೋಡೆಗೆ ಹೇಳಿದಂತೆ ಹೇಳಿದ. ಆಮೇಲೆ ನನ್ನ ಕಡೆ ನೋಡಿದ.

"ಬಂದೇ ಬರ್ತೀನಿ ಅಂತ ಅಪ್ಪಂಗೆ ಮಾತು ಕೊಟ್ಟೋನು ನೀನು. ಬರಲ್ಲ ಅಂತ್ಲೂ ನೀನೇ ಹೇಳು."

"ನಿನ್ ಥರಾನಾ?"

"ನಿನ್ ಥರಾ."

ಹೊರಗೆ ಹೋಗಿ, ಟ್ರಾಲಿಗಳ ಸಾಲಿನ ಪಕ್ಕ ನಿಂತು ನನ್ನ ಫೋನಿನಿಂದ ಮಾಡಿದೆ.

"ಅಂಕಲ್, ನಾನು. ಮರಳೂರಿನವನು."

"ಏನ್ಲಾ ಮಿಮಿಕ್ರಿ, ವಿಮಾನ ಹತ್ತಿಲ್ವಾ ಇನ್ನೂ?"

ಎಲ್ಲ ಹೇಳಿದೆ. ಡಬ್ಬಿ, ಆಂಟಿ, ದೇವಸ್ಥಾನ, ಹನ್ನೆರಡು ನಿಮಿಷ. ಮಗ ಗುಬ್ಬಿಗೆ ಬರುವುದು ನಾಳೆ ರಾತ್ರಿಗೇ ಅಂದೆ. ಆ ಕಡೆ ಟಿವಿಯಲ್ಲಿ ಯಾರೋ ಚಪ್ಪಾಳೆ ತಟ್ಟುತ್ತಿದ್ದರು. ಅವರು ಟಿವಿ ಆರಿಸಿದರು.

"ಮೂರ್ ಗಂಟೇಲಿ ಏರ್‌ಪೋರ್ಟಲ್ಲಿದೀನಿ ಅಂದ್ನಲ್ಲ ಅವ್ನು."

"ಅದು ನಾನು ಅಂಕಲ್. ಅವನಿಗೆ ಮಾತು ಹೊರಡ್ತಿರ್ಲಿಲ್ಲ. ತಪ್ಪಾಯ್ತು."

ಬೈಗುಳಕ್ಕೆ ಕಾದೆ. ಬೈದಿದ್ದರೆ ಚೆನ್ನಾಗಿತ್ತು. "ನಾನಂದಿದ್ದು ಅವ್ನಿಗೆ ಹೇಳ್ದ್ಯಾ?" ಅಂದರು.

"ಇಲ್ಲ."

"ಹೇಳ್ಬ್ಯಾಡ," ಎಂದು ಇಟ್ಟರು. ಇದನ್ನು ಬರೆಯುವ ಮೊದಲು ಗುಬ್ಬಿಗೆ ಹೋಗಿ ಅವರನ್ನು ಕೇಳಿದೆ. "ಬರ್ಕೋ, ಯಾರ್ ಹೆಸ್ರೂ ಹಾಕ್ಬ್ಯಾಡ" ಅಂದರು. ಅದಕ್ಕೇ ಇಲ್ಲಿ ಊರುಗಳಿಗಷ್ಟೇ ಹೆಸರು.

*

ಮರುದಿನ ಬೆಳಿಗ್ಗೆ ಏರ್‌ಪೋರ್ಟಿನ ಹತ್ತಿರದ ಒಂದು ಲಾಡ್ಜಿನಲ್ಲಿದ್ದೆವು. ಒಂದೇ ಕೋಣೆ, ಮೂರು ಮಂಚ. ಗುಬ್ಬಿಯವನು ಗೋಡೆಗೆ ಮುಖ ಮಾಡಿ ಮಲಗಿದ್ದ, ನಿದ್ದೆಯಲ್ಲಿರಲಿಲ್ಲ. ಒಂಬತ್ತು ಹೊಡೆದು ಹತ್ತು ನಿಮಿಷಕ್ಕೆ ನನ್ನ ಫೋನು ಕೂಗಿತು.

"ಲೇ. ದಿಣ್ಣೇಲಿ ಇಳ್ದಿದೀನಿ. ಮನೆ ಯಾವ್ ಕಡೀಕೆ?"

ನಾನು ಎದ್ದು ನಿಂತೆ. ಫೋನನ್ನು ಸ್ಪೀಕರಿಗೆ ಹಾಕಿದೆ. ಗುಬ್ಬಿಯವನು ತಿರುಗಿದ.

"ಅಂಕಲ್, ಎದುರಿಗೆ ಮೆಡಿಕಲ್ ಸ್ಟೋರ್ ಕಾಣ್ತದಾ? ಅದರ ಪಕ್ಕದ ರಸ್ತೆ."

"ಹೂಂ. ನಡೀತಿದೀನಿ. ಇಡಬ್ಯಾಡ ಫೋನು."

"ಇಡಲ್ಲ. ಹಿಟ್ಟಿನ ಗಿರಣಿ ಬರ್ತದೆ, ಅಲ್ಲಿ ಎಡಕ್ಕೆ. ಎರಡನೇ ಅಡ್ಡರಸ್ತೆ."

ಚಪ್ಪಲಿಯ ಸದ್ದು. ಒಂದು ಬೈಕು ಹೋಯಿತು. ಗಿರಣಿಯ ಬೆಲ್ಟಿನ ಸದ್ದು ಹತ್ತಿರ ಬಂತು, ಹಿಂದೆ ಸರಿಯಿತು. ನಾನು ದಿನಾ ನಡೆಯುವ ರಸ್ತೆ, ಅವತ್ತು ಎಷ್ಟು ಉದ್ದವಾಗಿತ್ತೋ.

"ಶಾಮಿಯಾನ ಹಾಕವ್ರೆ," ಅಂದರು. "ಜನ ಅವ್ರೆ ಕಣೋ."

"ಅದೇ ಮನೆ."

ಚಪ್ಪಲಿಯ ಸದ್ದು ನಿಂತಿತು. ಉಸಿರಾಟವೊಂದೇ ಕೇಳುತ್ತಿತ್ತು. ಅಂಕಲ್, ಅಂಕಲ್ ಅಂದೆ. ಗುಬ್ಬಿಯವನು ಮಂಚದಿಂದ ಕೈ ಚಾಚಿ ನನ್ನ ಕೈಯಿಂದ ಫೋನ್ ಕಿತ್ತುಕೊಂಡ.

"ಅಪ್ಪ. ನಾನು. ಹೋಗು."

"ನೀನೇನಾ?"

"ಹೂಂ, ನಾನೇ. ಹೋಗಪ್ಪ ಒಳಕ್ಕೆ. ಲೈನಲ್ಲೇ ಇರ್ತೀನಿ."

ಗೇಟಿನ ಕೊಂಡಿ ಕಿರುಗುಟ್ಟಿತು. ಯಾರೋ, ಯಾರು ಬೇಕಿತ್ತು ಎಂದು ಕೇಳಿದರು. ಪಾತ್ರೆಯೊಂದು ಕೆಳಗಿಟ್ಟ ಸದ್ದು. ಆಮೇಲೆ ಅಕ್ಕನ ದನಿ, ದೂರದಿಂದ:

"ಒಬ್ನೇ ಬಂದ್ಯಾ?"

"ಹೂಂ. ಒಬ್ನೇ ಬಂದೆ ಕಣವ್ವ."

ಬಾಗಿಲು ಹಾಕಿದ ಸದ್ದು ಬರಲಿಲ್ಲ. ಅವರು ಫೋನನ್ನು ಜೇಬಿಗಿಟ್ಟುಕೊಂಡಿರಬೇಕು. ಬಟ್ಟೆ ಉಜ್ಜುವ ಸದ್ದಿನ ನಡುವೆ ಗಲಗಲ ಮಾತು, ಹೆಂಗಸರ ನಗು, ಯಾರದೋ ಅಳು. "ಕೂತ್ಕಳ್ರಿ ಯಜಮಾನ್ರೇ, ಅಲ್ಲಲ್ಲ, ಮಣೆ ಮೇಲೆ" ಎಂದು ಒಬ್ಬರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮಗು ಚೀರಿತು. ಎಷ್ಟು ಹತ್ತಿರದಿಂದ ಚೀರಿತೆಂದರೆ ಫೋನು ಗರಗರ ಅಂದಿತು. ಆ ಜೇಬಿಗೇ ಬಾಯಿ ಒತ್ತಿಕೊಂಡಿದ್ದಂತೆ. ಇನ್ನೊಂದು ಕಿವಿಗೆ ಇನ್ನೊಂದು ಸಲ.

ಕುಣಿಗಲ್‌ನವನು ಕಣ್ಣೊರೆಸಿಕೊಂಡು ನಗುತ್ತಿದ್ದ. ನಾನೂ ನಕ್ಕಿರಬೇಕು. ಗುಬ್ಬಿಯವನು ನಗಲಿಲ್ಲ. ಫೋನನ್ನು ಮಂಚದ ಮೇಲಿಟ್ಟು, ಕಾಲು ಮಡಚಿ ಕೂತು, ತನ್ನ ತೊಡೆಯನ್ನೇ ನೋಡುತ್ತಿದ್ದ.

"ಆ ಮಗೂಗೆ ನಾನೊಬ್ನೇ ಸೋದರಮಾವ ಇರೋದು," ಅಂದ.

ನಮ್ಮಿಬ್ಬರ ನಗು ಅಲ್ಲಿಗೇ ನಿಂತಿತು.

"ನೆನ್ನೆ ಏನಂದ್ರು ಅಪ್ಪ? ನಿಜ ಹೇಳು."

"ಇಸ್ತ್ರಿ ವಿಷ್ಯ."

ನಾನು ಸುಳ್ಳು ಹೇಳುತ್ತಿದ್ದೇನೆಂದು ಅವನಿಗೆ ಗೊತ್ತಾಯಿತು. ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡ. ಸಂಜೆ ವಿಮಾನದಲ್ಲಿ ನಮ್ಮ ಮೂರೂ ಸೀಟು ಅಕ್ಕಪಕ್ಕ ಬಂದಿದ್ದವು. ಅವನು ಹಿಂದಿನ ಸಾಲಿನ ಒಬ್ಬರ ಜೊತೆ ಸೀಟು ಬದಲಾಯಿಸಿಕೊಂಡ. ಮೇಲೇರುವಾಗ ಸೀಟುಗಳ ನಡುವೆ ಹಿಂದೆ ತಿರುಗಿ ನೋಡಿದೆ. ಕಣ್ಣು ಮುಚ್ಚಿ, ತನ್ನ ಸೀಟಿನ ಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದ.